ಸ್ಟೇರಿಂಗ್ ಅಲೆದಾಟಕ್ಕೆ 3ಡಿ ಅಲೈನ್‌ಮೆಂಟ್: ದಾವಣಗೆರೆ, ಚಿತ್ರದುರ್ಗದಲ್ಲಿ ಪಿಕಪ್‌ಗೆ ಸಿಗುವ ಸೇವೆ ಹೇಗಿದೆ?

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಾಗಲಿ, ಚಿತ್ರದುರ್ಗದ ಹೆದ್ದಾರಿ ಬದಿಯಲ್ಲಾಗಲಿ ಚಕ್ರಗಳ ಕೋನವನ್ನು ಕ್ಯಾಮರಾದಿಂದ ಅಳೆಯುವ 3ಡಿ ಅಲೈನ್‌ಮೆಂಟ್ ಯಂತ್ರ ಇಟ್ಟ ಟೈರ್ ಅಂಗಡಿಗಳಿಗೆ ಈಗ ಕೊರತೆಯಿಲ್ಲ. ಕೆಲವು ನೂರು ರೂಪಾಯಿ, ಅರ್ಧ ಗಂಟೆ, ಕೈಗೊಂದು ಬಣ್ಣದ ಪ್ರಿಂಟ್. ಸಾಧಾರಣ ಕಾರಿಗೆ ಇಷ್ಟು ಸಾಕು. ಇಸುಜು ವಿ-ಕ್ರಾಸ್, ಟೊಯೋಟಾ ಹೈಲಕ್ಸ್, ಹಳೆಯ ಸ್ಕಾರ್ಪಿಯೋ ಗೆಟ್‌ಅವೇ, ಟಾಟಾ ಕ್ಸೆನಾನ್ ತರಹದ ಫೋರ್ ವ್ಹೀಲ್ ಡ್ರೈವ್ ಪಿಕಪ್ ಎಂಬತ್ತರ ವೇಗದಲ್ಲಿ ಲೇನ್ ಒಳಗೆ ನಿಲ್ಲದೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಾರುತ್ತಿದೆ ಅಂತ ಅದೇ ಅಂಗಡಿಗೆ ಹೋದರೂ ಸಿಗುವುದು ಅದೇ ಪ್ರಿಂಟ್. ಜೊತೆಗೆ "ಎಲ್ಲಾ ಹಸಿರು ಬಂದೈತಿ ಅಣ್ಣಾ, ಇನ್ನೇನಿಲ್ಲ ಬಿಡ್ರಿ" ಅನ್ನುವ ಮಾತು. ಹಸಿರು ಅಂದರೆ ಅಳತೆ ಮಿತಿಯೊಳಗಿದೆ ಅಂತ. ಗಾಡಿ ಮಾತ್ರ ಬೈಪಾಸ್ ಹತ್ತುತ್ತಿದ್ದಂತೆ ಮತ್ತೆ ಅಲೆಯಲು ಶುರು.

ಈ ಸೇವೆಗೆ ಅಂಕ ಕೊಡುವುದಾದರೆ ಅಳತೆಗೆ ಒಳ್ಳೆಯ ಅಂಕ, ದೋಷ ಹುಡುಕುವುದಕ್ಕೆ ಬಹಳ ಕಡಿಮೆ. ಇದರಲ್ಲಿ ಯಂತ್ರದ ತಪ್ಪೇನೂ ಇಲ್ಲ. ಗಾಡಿ ನಿಂತಿರುವಾಗ ಚಕ್ರ ಯಾವ ಕೋನದಲ್ಲಿದೆ ಅಂತ ಕ್ಯಾಮರಾ ಹೇಳುತ್ತದೆ. ಚಕ್ರವನ್ನು ತಿರುಗಿಸುವ ಸರಳಿನ ತುದಿಯ ಜಾಯಿಂಟಾದ ಟೈ ರಾಡ್ ಎಂಡ್‌ನಲ್ಲಿ ಎರಡು ಮಿಲಿಮೀಟರ್ ಪ್ಲೇ, ಅಂದರೆ ಸಡಿಲ, ಇದ್ದರೆ ಅದು ಕ್ಯಾಮರಾ ಕಣ್ಣಿಗೆ ಬೀಳುವುದಿಲ್ಲ. ಅಲೆದಾಟದ ಬಹುಪಾಲು ಕಾರಣ ಕೂತಿರುವುದು ಜಾಯಿಂಟ್‌ಗಳ ಪ್ಲೇಯಲ್ಲಿ, ಚಕ್ರ ಎಡಬಲಕ್ಕೆ ತಿರುಗುವ ಅಕ್ಷದ ವಾಲಿಕೆಯಾದ ಕ್ಯಾಸ್ಟರ್ ಕೋನದಲ್ಲಿ, ಮತ್ತು ನಮ್ಮ ಕಡೆಯ ಲೋಡ್ ಹೊರುವ ಪಿಕಪ್‌ಗಳಲ್ಲಿ ಹಿಂದಿನ ಪ್ಲೇಟ್ ಕಟ್ಟಿನಲ್ಲಿ (ಲೀಫ್ ಸ್ಪ್ರಿಂಗ್). ಟೋ, ಅಂದರೆ ಎಡಬಲ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ಕಟ್ಟಕಡೆಗೆ ನೋಡಬೇಕಾದದ್ದು. ಅಂಗಡಿಗಳಲ್ಲಿ ಮೊದಲು ಕೈ ಹಾಕುವುದು ಟೋಗೇ, ಬಹಳ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ.

ಅಂಗಡಿಗೆ ಹೋಗುವ ಮೊದಲು

ದೂರು ಏನು ಅನ್ನುವುದು ಮಾಲೀಕರಿಗೇ ಸ್ಪಷ್ಟವಿರಬೇಕು. ಸದಾ ಒಂದೇ ಕಡೆಗೆ ಹೋದರೆ ಅದು ಎಳೆತ. ಒಂದು ನಿರ್ದಿಷ್ಟ ವೇಗದಲ್ಲಿ ಸ್ಟೇರಿಂಗ್ ಗಡಗಡ ನಡುಗಿದರೆ ಬ್ಯಾಲೆನ್ಸಿಂಗ್, ಬಾಗಿದ ಡಿಸ್ಕ್ ಅಥವಾ ಟೈರಿನ ಉಬ್ಬು ನೋಡಬೇಕು. ಎರಡೂ ಕಡೆಗೆ ಹೊಯ್ದಾಡುತ್ತಾ, ಕೈ ಸದಾ ತಿದ್ದುತ್ತಲೇ ಇರಬೇಕಾದರೆ ಅದು ಅಲೆದಾಟ. ತಿರುವಿನಿಂದ ಹೊರಬಂದ ಮೇಲೆ ಸ್ಟೇರಿಂಗ್ ತಾನಾಗಿ ನಡುವಿಗೆ ಬರುತ್ತದೆಯೋ ಇಲ್ಲವೋ ಅನ್ನುವುದನ್ನೂ ಗಮನಿಸಿ. ಬಾರದಿದ್ದರೆ ಒಂದೋ ಕ್ಯಾಸ್ಟರ್ ಕಡಿಮೆಯಾಗಿದೆ, ಇಲ್ಲವೇ ಎಲ್ಲೋ ಬಿಗಿತವಿದೆ.

ಪರೀಕ್ಷೆಗೆ ಹೊತ್ತು ಆರಿಸಿಕೊಳ್ಳಬೇಕು. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಎನ್‌ಎಚ್ 48 ವಾಯವ್ಯದಿಂದ ಆಗ್ನೇಯಕ್ಕೆ ಸಾಗುತ್ತದೆ. ಮುಂಗಾರಿನ ಗಾಳಿ ನೈಋತ್ಯ, ಪಶ್ಚಿಮದಿಂದ. ಅಂದರೆ ಜೂನ್‌ನಿಂದ ಆಗಸ್ಟ್‌ವರೆಗೆ ಈ ದಾರಿಯಲ್ಲಿ ಗಾಳಿ ಗಾಡಿಯ ಪಕ್ಕೆಗೇ ಹೊಡೆಯುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆಯಲ್ಲ. ಎತ್ತರದ ಪಿಕಪ್, ಅದರಲ್ಲೂ ಹಿಂದೆ ಕ್ಯಾನೊಪಿ ಅಥವಾ ಟಾರ್ಪಾಲ್ ಕಟ್ಟಿದ್ದು, ಸ್ಟೇರಿಂಗ್ ಎಷ್ಟೇ ಚೆನ್ನಾಗಿದ್ದರೂ ಇಲ್ಲಿ ಸ್ವಲ್ಪ ಸರಿಯುತ್ತದೆ. ಬೆಳಗಿನ ಜಾವ ಗಾಳಿ ತಗ್ಗಿದ್ದಾಗ, ಹೋಗುತ್ತಾ ಬರುತ್ತಾ ಎರಡೂ ದಿಕ್ಕಿನಲ್ಲಿ, ನಡುವಿನ ಲೇನ್‌ನಲ್ಲಿ ಓಡಿಸಿ ನೋಡಿ. ಎಡದ ಲೇನ್‌ನಲ್ಲಿ ಲಾರಿ ಚಕ್ರಗಳು ಒತ್ತಿದ ಜಾಡು ಇರುತ್ತದೆ, ಅಗಲ ಟೈರು ಆ ಜಾಡು ಹಿಡಿದು ಓಡುತ್ತದೆ. ಅದನ್ನೂ ಸ್ಟೇರಿಂಗ್ ದೋಷದ ಲೆಕ್ಕಕ್ಕೆ ಸೇರಿಸಿಬಿಡುವವರು ಅನೇಕರು.

ಟೈರಿನ ಗಾಳಿಯ ಒತ್ತಡವನ್ನು ಟೈರು ತಣ್ಣಗಿರುವಾಗ ನೋಡಬೇಕು. ಬಾಗಿಲಿನ ಕಂಬದ ಸ್ಟಿಕ್ಕರ್‌ನಲ್ಲಿ ಖಾಲಿ ಗಾಡಿಗೂ ಲೋಡಿಗೂ ಬೇರೆ ಅಂಕಿ ಬರೆದಿದ್ದರೆ ಎರಡನ್ನೂ ಪಾಲಿಸಿ. ಹಿಂದಿನ ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಟೈರಿನ ಪಕ್ಕೆ ಬಳುಕಿ ಬಾಲ ಆಡುತ್ತದೆ, ಕೂತವರಿಗೆ ಅದು ಸ್ಟೇರಿಂಗ್ ಸಡಿಲವಾದಂತೆಯೇ ಅನಿಸುತ್ತದೆ. ದಪ್ಪ ರಬ್ಬರ್ ಗಟ್ಟಿಗಳಿರುವ ಹೊಸ ಆಲ್ ಟೆರೇನ್ ಟೈರು ಹಾಕಿಸಿದ ಮೇಲೆ ದೂರು ಶುರುವಾಗಿದ್ದರೆ ಮುಂದಿನ ಜೋಡಿಯನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿ ನೋಡಿ. ಲಕ್ಷಣ ಬದಲಾದರೆ ಕಾರಣ ಟೈರಿನಲ್ಲೇ ಇದೆ.

ಇದು ಫೋರ್ ವ್ಹೀಲ್ ಡ್ರೈವ್ ಆಗಿರುವುದರಿಂದ ಇನ್ನೊಂದು ಪರೀಕ್ಷೆ. ಡಾಂಬರು ರಸ್ತೆಯಲ್ಲಿ ಗಾಡಿ ನಿಜಕ್ಕೂ 2ಎಚ್‌ನಲ್ಲಿದೆಯೇ, ಅಂದರೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ ಹೋಗುತ್ತಿದೆಯೇ? ಡ್ಯಾಶ್‌ಬೋರ್ಡಿನ ದೀಪ ಆರಿದ್ದರೂ ಒಳಗೆ ಮುಂದಿನ ಆಕ್ಸಲ್ ಬಿಟ್ಟುಕೊಂಡಿರದ ಗಾಡಿಗಳಿವೆ. ಖಾಲಿ ಮೈದಾನದ ಗಟ್ಟಿ ನೆಲದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹಾಕಿ. ಮುಂದಿನ ಚಕ್ರ ತಡೆತಡೆದು ಎಳೆದಂತಾದರೆ ಬಲವನ್ನು ಮುಂದಿನ ಹಿಂದಿನ ಆಕ್ಸಲ್‌ಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಅಥವಾ ಅದನ್ನು ಬದಲಿಸುವ ಆಕ್ಚುಯೇಟರ್ ನೋಡಿಸಿ. ಅದು ಬಿಡದ ಹೊರತು ಅಲೈನ್‌ಮೆಂಟ್‌ಗೆ ಹಣ ಹಾಕುವುದು ವ್ಯರ್ಥ.

ಗ್ಯಾರೇಜು ಮೊದಲು, ಯಂತ್ರ ಆಮೇಲೆ

ನಮ್ಮೆರಡು ಊರುಗಳ ದೊಡ್ಡ ಬಲವೆಂದರೆ ಲಾರಿ ಕೆಲಸದ ಗ್ಯಾರೇಜುಗಳು. ಕಿಂಗ್ ಪಿನ್, ಬುಷ್, ಪ್ಲೇಟ್ ಕಟ್ಟು ಇವನ್ನೇ ದಿನವಿಡೀ ಮಾಡುವ ಕೈಗಳು ಅಲ್ಲಿವೆ. ಪ್ಲೇ ಹುಡುಕುವುದರಲ್ಲಿ 3ಡಿ ಅಂಗಡಿಗಿಂತ ಇವರೇ ವಾಸಿ, ಅದರಲ್ಲಿ ಅನುಮಾನವಿಲ್ಲ. ಆದರೆ ಏನು ನೋಡಬೇಕೆಂದು ಕೇಳಿ ಮಾಡಿಸಬೇಕು. ಗಾಡಿ ಬಂದ ಕೂಡಲೇ ಜಾಕಿ ಏರಿಸಿ ಚಕ್ರ ಅಲುಗಾಡಿಸಿದರೆ ಅರ್ಧ ದೋಷ ತಪ್ಪಿಸಿಕೊಳ್ಳುತ್ತದೆ.

ಮೊದಲ ಪರೀಕ್ಷೆ ಚಕ್ರಗಳು ನೆಲದ ಮೇಲಿದ್ದು, ಎಂಜಿನ್ ಚಾಲೂ ಇರುವಾಗ. ಗಾಡಿ ಗ್ಯಾರೇಜಿನ ಗುಂಡಿಯ ಮೇಲೋ ರ್‍ಯಾಂಪ್ ಮೇಲೋ ನಿಂತಿರಲಿ, ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಟ್ಟಿರಲಿ. ಒಬ್ಬರು ಒಳಗೆ ಕೂತು ಸ್ಟೇರಿಂಗ್ ಅನ್ನು ಸ್ವಲ್ಪವೇ, ನಡುವಿನಿಂದ ಎಡಬಲಕ್ಕೆ ಒಂದೊಂದು ಗೇಣಿನಷ್ಟು, ನಿಲ್ಲಿಸದೆ ಆಡಿಸುತ್ತಿರಬೇಕು. ಇನ್ನೊಬ್ಬರು ಕೆಳಗೆ ಒಂದೊಂದೇ ಜಾಯಿಂಟನ್ನು ಮುಷ್ಟಿಯಲ್ಲಿ ಹಿಡಿಯಬೇಕು: ಹೆಬ್ಬೆರಳು ಬಾಲ್ ಕೂತಿರುವ ಕಪ್ ಮೇಲೆ, ಉಳಿದ ಬೆರಳು ಎದುರಿನ ಆರ್ಮ್ ಮೇಲೆ. ಒಂದು ತುಂಡು ಚಲಿಸಿ ಇನ್ನೊಂದು ತಡವಾಗಿ ಹಿಂಬಾಲಿಸಿದರೆ ಬೆರಳಿಗೆ 'ಟಕ್' ಅಂತ ತಾಗುತ್ತದೆ. ಕಣ್ಣಿಗೆ ಕಾಣದ ಅರ್ಧ ಮಿಲಿಮೀಟರ್ ಕೂಡ ಬೆರಳಿಗೆ ಸಿಕ್ಕಿಬೀಳುತ್ತದೆ. ಎಂಜಿನ್ ಆಫ್ ಇದ್ದರೆ, ಚಕ್ರ ಗಾಳಿಯಲ್ಲಿದ್ದರೆ ಈ ಜಾಯಿಂಟ್‌ಗಳ ಮೇಲೆ ಹೊರೆ ಬೀಳುವುದಿಲ್ಲ, ಪ್ಲೇ ತೋರುವುದೂ ಇಲ್ಲ.

ಮೇಲಿನಿಂದ ಕೆಳಕ್ಕೆ ಬನ್ನಿ. ಸ್ಟೇರಿಂಗ್ ಕಂಬದ ಕೆಳಗಿನ ಯು-ಜಾಯಿಂಟ್ ಮತ್ತು ಅದರ ಕ್ಲ್ಯಾಂಪ್ ಬೋಲ್ಟ್ ಮೊದಲು. ಎಂಜಿನ್ ಶಾಖ, ಧೂಳು ಎರಡೂ ಅಲ್ಲಿಗೇ ಬಡಿಯುವುದರಿಂದ ಬೇಗ ಸವೆಯುತ್ತದೆ, ಆದರೂ ಯಾರೂ ಅದರ ಗೋಜಿಗೆ ಹೋಗುವುದಿಲ್ಲ. ಆಮೇಲೆ ರ್‍ಯಾಕ್ (ಸ್ಟೇರಿಂಗ್ ತಿರುವನ್ನು ಪಕ್ಕದ ಚಲನೆಯಾಗಿಸಿ ಚಕ್ರಕ್ಕೆ ಕೊಡುವ ಹಲ್ಲಿನ ಪಟ್ಟಿ) ಚಾಸಿಗೆ ಕೂತಿರುವ ರಬ್ಬರ್ ಬುಷ್‌ಗಳು. ಪವರ್ ಸ್ಟೇರಿಂಗ್ ಎಣ್ಣೆ ಸೋರಿ ರಬ್ಬರ್ ಉಬ್ಬಿದ್ದರೆ ಟೈ ರಾಡ್ ಅಲುಗುವ ಮೊದಲು ಇಡೀ ರ್‍ಯಾಕ್ ಪಕ್ಕಕ್ಕೆ ಜರುಗುವುದು ಕಣ್ಣಿಗೇ ಕಾಣುತ್ತದೆ. ನಂತರ ರ್‍ಯಾಕ್ ಎಂಡ್, ಟೈ ರಾಡ್ ಎಂಡ್. ಸ್ಟೇರಿಂಗ್ ಬಾಕ್ಸ್ ಇರುವ ಹಳೆಯ ಗಾಡಿಗಳಲ್ಲಿ ಬಾಕ್ಸಿನಿಂದ ಚಕ್ರದ ಕಡೆಗೆ ಚಲನೆ ಒಯ್ಯುವ ಪಿಟ್‌ಮನ್ ಆರ್ಮ್, ಡ್ರ್ಯಾಗ್ ಲಿಂಕ್, ಐಡ್ಲರ್ ಆರ್ಮ್ ಇದ್ದರೆ ಅದು, ಮತ್ತು ಬಾಕ್ಸ್ ಚಾಸಿಗೆ ಕೂತಿರುವ ಬೋಲ್ಟುಗಳು. ಬೋಲ್ಟಿನ ಸುತ್ತ ಚಾಸಿಯಲ್ಲಿ ಬಿರುಕು ಬಿಟ್ಟಿದೆಯೇ ಅಂತ ತಂತಿ ಬ್ರಷ್‌ನಿಂದ ಮಣ್ಣು ತೆಗೆದು ನೋಡಬೇಕು.

ಇದಾದ ಮೇಲೆ ಜಾಕಿ. ಸ್ಪ್ರಿಂಗ್ ಯಾವ ಆರ್ಮ್ ಮೇಲೆ ಕೂತಿದೆಯೋ ಆ ಆರ್ಮ್ ಕೆಳಗೇ, ಚಕ್ರಕ್ಕೆ ಹತ್ತಿರವಾಗಿ ಜಾಕಿ ಕೊಡಬೇಕು. ವಿ-ಕ್ರಾಸ್‌ನಲ್ಲಿ ಅದು ಕೆಳಗಿನ ಆರ್ಮ್. ಚಾಸಿಗೆ ಕೊಟ್ಟರೆ ಬಾಲ್ ಜಾಯಿಂಟ್ ಸ್ಪ್ರಿಂಗ್ ಒತ್ತಡದಲ್ಲೇ ಉಳಿದು, ಸವೆದಿದ್ದರೂ ಬಿಗಿಯಾಗಿರುವಂತೆ ತೋರುತ್ತದೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಪ್ಲೇ ಇದ್ದರೆ ಒಬ್ಬರು ಬ್ರೇಕ್ ಒತ್ತಲಿ: ಪ್ಲೇ ಮಾಯವಾದರೆ ವ್ಹೀಲ್ ಬೇರಿಂಗ್, ಹಾಗೇ ಉಳಿದರೆ ಬಾಲ್ ಜಾಯಿಂಟ್ ಅಥವಾ ಆರ್ಮ್ ಬುಷ್. ಟೈರಿನ ಅಡಿಗೆ ಟಾಮಿ (ಕಬ್ಬಿಣದ ಸಲಾಕೆ) ಕೊಟ್ಟು ಎತ್ತಿದಾಗ ಬಾಲ್ ಜಾಯಿಂಟ್ ಮೇಲೆ ಕೆಳಗೆ ಜಿಗಿಯುತ್ತದೆಯೇ ಅನ್ನುವುದನ್ನೂ ನೋಡಬೇಕು. ಹಿಂದೆ ಮುಂದೆ ಎರಡೂ ಘನ ಆಕ್ಸಲ್ ಇರುವ ಜಿಪ್ಸಿಯಂಥ ಗಾಡಿಯಲ್ಲಿ ಬಾಲ್ ಜಾಯಿಂಟ್ ಬದಲು ಕಿಂಗ್ ಪಿನ್ ಬೇರಿಂಗ್ ಇದೇ ಪರೀಕ್ಷೆಯಲ್ಲಿ ಸಿಗುತ್ತದೆ.

ಗ್ಯಾರೇಜುಗಳಲ್ಲಿ ಒಂದು ಕೆಟ್ಟ ರೂಢಿಯಿದೆ. ಸ್ಟೇರಿಂಗ್ ಸಡಿಲವಾಗಿದೆ ಅಂದ ತಕ್ಷಣ ಬಾಕ್ಸ್ ಮೇಲಿನ ಅಡ್ಜಸ್ಟ್ ಸ್ಕ್ರೂವನ್ನು ಅರ್ಧ ಸುತ್ತು ಬಿಗಿದುಬಿಡುತ್ತಾರೆ. ಆ ಕ್ಷಣಕ್ಕೆ ಪ್ಲೇ ಹೋಗುತ್ತದೆ, ಗಿರಾಕಿಗೂ ಖುಷಿ. ಆದರೆ ಬಾಕ್ಸ್ ಒಳಗಿನ ಹಲ್ಲುಗಳು ನಡುವಿನ ಜಾಗದಲ್ಲಿ ಮಾತ್ರ ಅತಿ ಬಿಗಿಯಾಗಿ ಕೂರುವಂತೆ ಮಾಡಿರುತ್ತಾರೆ. ಅಲ್ಲಿ ಮಿತಿಮೀರಿ ಬಿಗಿದರೆ ನೇರ ರಸ್ತೆಯಲ್ಲೇ ಸ್ಟೇರಿಂಗ್ ಅಂಟಿಕೊಳ್ಳುತ್ತದೆ. ಎಡಕ್ಕೆ ಒಂದಿಷ್ಟು ತಿದ್ದಿದರೆ ಅಲ್ಲೇ ನಿಲ್ಲುತ್ತದೆ, ವಾಪಸ್ ತರಲು ಬಲಕ್ಕೆ ತಿದ್ದಬೇಕು, ಅದೂ ಅಲ್ಲೇ ನಿಲ್ಲುತ್ತದೆ. ಮೊದಲು ಪ್ಲೇಯಿಂದ ಅಲೆಯುತ್ತಿದ್ದ ಗಾಡಿ ಈಗ ಬಿಗಿತದಿಂದ ಅಲೆಯುತ್ತದೆ, ಹಲ್ಲುಗಳೂ ಬೇಗ ಹಾಳಾಗುತ್ತವೆ. ಬೇರೆಲ್ಲ ಜಾಯಿಂಟ್ ಸರಿಯಿದೆ ಅಂತ ಖಾತ್ರಿಯಾದ ಮೇಲೆ, ಡ್ರ್ಯಾಗ್ ಲಿಂಕ್ ಕಳಚಿ, ಬಾಕ್ಸ್ ನಡುವಿನಲ್ಲಿರುವಾಗ, ಕೈಪಿಡಿಯ ಅಳತೆಗೆ ತಕ್ಕಂತೆ ಮಾತ್ರ ಆ ಸ್ಕ್ರೂ ಮುಟ್ಟಬೇಕು. ಆರ್ಮ್‌ಗೆ ಗ್ಯಾಸ್ ಹೊಡೆದು ಕಾಯಿಸಿ ಬಗ್ಗಿಸಿ "ಸರಿ ಮಾಡುವ" ಕೆಲಸಕ್ಕಂತೂ ಗಾಡಿ ಬಿಡಲೇಬೇಡಿ. ಕಾಸಿದ ಉಕ್ಕು ತನ್ನ ಗಟ್ಟಿತನ ಕಳೆದುಕೊಳ್ಳುತ್ತದೆ, ಸ್ಟೇರಿಂಗ್ ಭಾಗ ಹೆದ್ದಾರಿಯಲ್ಲಿ ಮುರಿದರೆ ಹಿಡಿಯಲು ಏನೂ ಉಳಿದಿರುವುದಿಲ್ಲ.

ಹಿಂದೆ ಏರಿಸಿದ ಪ್ಲೇಟು

ಚನ್ನಗಿರಿ, ಹೊಳಲ್ಕೆರೆ ಕಡೆ ಅಡಿಕೆ, ದಾವಣಗೆರೆ ಸುತ್ತ ಮೆಕ್ಕೆಜೋಳ. ಪಿಕಪ್ ತಂದ ಮೇಲೆ ಹಿಂದೆ ಒಂದೋ ಎರಡೋ ಪ್ಲೇಟ್ ಹೆಚ್ಚಿಗೆ ಹಾಕಿಸುವುದು ಇಲ್ಲಿ ಸಾಮಾನ್ಯ. ಲೋಡ್ ಇದ್ದಾಗ ಗಾಡಿ ಕುಸಿಯುವುದಿಲ್ಲ, ನಿಜ. ಖಾಲಿ ಓಡುವಾಗ ಬಾಲ ಎದ್ದು ಮೂಗು ಕೆಳಗಾಗುತ್ತದೆ, ಅಲೆದಾಟ ಹುಟ್ಟುವುದು ಇಲ್ಲೇ.

ಕ್ಯಾಸ್ಟರ್ ಅಂದರೆ ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಎಡಬಲಕ್ಕೆ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ. ಸೈಕಲ್ಲಿನ ಮುಂದಿನ ಫೋರ್ಕ್ ವಾಲಿರುವುದೂ ಒಂದು ಕಾರಣವಾಗಿ ಕೈ ಬಿಟ್ಟರೂ ಅದು ನೇರ ಹೋಗುತ್ತದಲ್ಲ, ಇದೂ ಅದೇ. ಈ ಕೋನ ಕಡಿಮೆಯಾದಷ್ಟು ಸ್ಟೇರಿಂಗ್ ಹಗುರವಾಗಿ, ನೇರ ಹಿಡಿದುಕೊಳ್ಳುವ ಗುಣ ಕಳೆಯುತ್ತದೆ. ವಿ-ಕ್ರಾಸ್‌ನ ಗಾಲಿ ಅಂತರ 3095 ಮಿ.ಮೀ., ಹೈಲಕ್ಸ್‌ನದು 3085. ಇಷ್ಟುದ್ದದ ಗಾಡಿಯ ಹಿಂಭಾಗ 50 ಮಿ.ಮೀ. ಎದ್ದರೆ ಇಡೀ ಚಾಸಿ ಸುಮಾರು 0.9 ಡಿಗ್ರಿ ಮುಂದಕ್ಕೆ ವಾಲುತ್ತದೆ, ಕ್ಯಾಸ್ಟರ್‌ನಿಂದ ಅಷ್ಟೇ ಕಡಿತವಾಗುತ್ತದೆ. ಮುಂದಿನ ಸ್ಪ್ರಿಂಗ್ ಅಥವಾ ಅದರ ಬದಲಿಗಿರುವ ಟಾರ್ಷನ್ ಬಾರ್ (ತಿರುಚಿ ಭಾರ ಹೊರುವ ಸರಳು) 20 ಮಿ.ಮೀ. ಕೂತಿದ್ದರೆ ಇನ್ನೂ 0.4 ಡಿಗ್ರಿ ಹೋಯಿತು. ಕಂಪನಿ ಕೊಟ್ಟದ್ದೇ ಮೂರು ಡಿಗ್ರಿಯ ಆಸುಪಾಸಿನಲ್ಲಿದ್ದರೆ ಉಳಿಯುವುದು ಎರಡಕ್ಕಿಂತ ಕಡಿಮೆ. ಈ ಗಾಡಿಗೆ ಎಷ್ಟು ಸಲ ಟೋ ಹೊಡೆಸಿದರೂ ಪ್ರಯೋಜನವಿಲ್ಲ.

ಹಾಗಾಗಿ ಅಲೈನ್‌ಮೆಂಟ್‌ಗೆ ಮೊದಲು ಟೇಪ್ ಹಿಡಿದು ನಾಲ್ಕೂ ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಎತ್ತರ ಅಳೆದು ಬರೆದಿಟ್ಟುಕೊಳ್ಳಿ. ಎಡ ಬಲ ಹತ್ತು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಸ್ಪ್ರಿಂಗ್ ಕಡೆ ಮೊದಲು ಗಮನ ಕೊಡಿ. ಟಾರ್ಷನ್ ಬಾರ್ ಗಾಡಿಯಾದರೆ ಬೋಲ್ಟ್ ತಿರುಗಿಸಿ ಎತ್ತರ ಸರಿಮಾಡಿಸಿಕೊಳ್ಳಬಹುದು. ವರ್ಷದಲ್ಲಿ ಎರಡು ತಿಂಗಳು ಮಾತ್ರ ಲೋಡ್ ಹೊಡೆಯುವವರು ಹೆಚ್ಚಿಗೆ ಹಾಕಿಸಿದ ಪ್ಲೇಟ್ ತೆಗೆಸುವುದೇ ಒಳ್ಳೆಯದು.

ಅದೇ ಹೊತ್ತಿಗೆ ಪ್ಲೇಟ್ ಕಟ್ಟಿನ ಮಿಕ್ಕ ಭಾಗಗಳನ್ನೂ ನೋಡಿಸಿ. ಪ್ಲೇಟನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಸಡಿಲವಾಗಿ ಸೆಂಟರ್ ಬೋಲ್ಟ್ ತುಂಡಾದರೆ ಹಿಂದಿನ ಆಕ್ಸಲ್ ಪ್ಲೇಟ್ ಮೇಲೆ ಜಾರುತ್ತದೆ. ಪ್ಲೇಟಿನ ತುದಿಯ ಶ್ಯಾಕಲ್ ಬುಷ್ ಸವೆದರೆ ಪ್ರತಿ ಗುಂಡಿಗೂ ಆಕ್ಸಲ್ ಒಂದಿಷ್ಟು ಓರೆಯಾಗಿ, ಹಿಂದಿನಿಂದಲೇ ಗಾಡಿ ತಿರುಗುತ್ತದೆ. ಭೀಮಸಮುದ್ರದ ಕಡೆಯಂಥ ಅದಿರು ಲಾರಿ ಓಡುವ ರಸ್ತೆಗಳಲ್ಲಿ ಓಡಾಡುವ ಪಿಕಪ್‌ಗಳಲ್ಲಿ ಈ ಬುಷ್‌ಗಳನ್ನು ಮೊದಲು ಅನುಮಾನಿಸಿ. ಎಡಕ್ಕೂ ಬಲಕ್ಕೂ ಪ್ಲೇಟಿನ ಮುಂದಿನ ಕಣ್ಣಿನ ಬೋಲ್ಟಿನಿಂದ ಆಕ್ಸಲ್‌ವರೆಗೆ ಟೇಪ್ ಹಿಡಿಯಿರಿ. ಮೂರು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಆಕ್ಸಲ್ ಜಾಗ ಬಿಟ್ಟಿದೆ.

ಈಗ 3ಡಿ ಅಂಗಡಿ

ಇಲ್ಲಿಂದ ಮುಂದೆ ಆ ಯಂತ್ರ ನಿಜವಾಗಿಯೂ ಬೆಲೆಬಾಳುತ್ತದೆ, ಕೆಲಸಗಾರರು ಅವಸರ ಮಾಡದಿದ್ದರೆ. ಒಳ್ಳೆಯ ಅಂಗಡಿ ಯಾವುದು ಅಂತ ಬೋರ್ಡ್ ನೋಡಿ ತಿಳಿಯುವುದಿಲ್ಲ, ಕೆಲಸ ನೋಡಿ ತಿಳಿಯುತ್ತದೆ.

ಮೊದಲನೆಯದಾಗಿ, ಕಂಪ್ಯೂಟರ್‌ನಲ್ಲಿ ಗಾಡಿ ಆರಿಸುವಾಗ ಪರದೆ ನೋಡಿ. ಎಷ್ಟೋ ಮಾದರಿಗಳಲ್ಲಿ ಟು ವ್ಹೀಲ್, ಫೋರ್ ವ್ಹೀಲ್ ಎರಡಕ್ಕೂ ಎತ್ತರ ಬೇರೆ, ಕೋನದ ಅಂಕಿಗಳೂ ಬೇರೆ. ತಪ್ಪು ಮಾದರಿ ಆರಿಸಿದರೆ ಹಸಿರು ಬಂದದ್ದಕ್ಕೆ ಅರ್ಥವಿಲ್ಲ. ಕೈಪಿಡಿಯ ಅಂಕಿ ಜೊತೆಗೆ ಒಯ್ಯಿರಿ, ಅಂಕಿ ಡಿಗ್ರಿಯಲ್ಲೋ ಮಿನಿಟಿನಲ್ಲೋ ಅಂತಲೂ ಕೇಳಿ. 0.10 ಡಿಗ್ರಿ ಬೇರೆ, 10 ಮಿನಿಟ್ ಬೇರೆ: ಹತ್ತು ಮಿನಿಟ್ ಅಂದರೆ 0.17 ಡಿಗ್ರಿ.

ಎರಡನೆಯದು ಕ್ಯಾಸ್ಟರ್ ಅಳತೆ. ಬಹುತೇಕ ಅಂಗಡಿಗಳು ಕೈಬಿಡುವ ಹಂತ ಇದೇ. ಚಕ್ರಕ್ಕೆ ಕ್ಲ್ಯಾಂಪ್ ಕಟ್ಟಿ ಗಾಡಿಯನ್ನು ಹಿಂದೆ ಮುಂದೆ ಉರುಳಿಸಿದರೆ ಟೋ, ಕ್ಯಾಂಬರ್ (ಚಕ್ರ ಮೇಲ್ಗಡೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಬರುತ್ತದೆ. ಕ್ಯಾಸ್ಟರ್ ಬರಬೇಕಾದರೆ ಬ್ರೇಕ್ ಪೆಡಲ್‌ಗೆ ಕೋಲು ಕೊಟ್ಟು, ಮುಂದಿನ ಚಕ್ರದಡಿ ತಿರುಗುವ ಟರ್ನ್ ಪ್ಲೇಟ್ ಪಿನ್ನು ಕಿತ್ತು, ಸ್ಟೇರಿಂಗನ್ನು ಯಂತ್ರ ಹೇಳಿದಷ್ಟು ಎಡಕ್ಕೂ ಬಲಕ್ಕೂ ತಿರುಗಿಸಬೇಕು. ಇನ್ನೈದು ನಿಮಿಷದ ಕೆಲಸ. ಪ್ರಿಂಟ್‌ನಲ್ಲಿ ಕ್ಯಾಸ್ಟರ್ ಜಾಗ ಖಾಲಿಯಿದ್ದರೆ ಅದನ್ನು ಅಳೆದೇ ಇಲ್ಲ ಎಂದರ್ಥ. ಅಂಥ ಪ್ರಿಂಟ್ ಅಲೆದಾಟದ ಗಾಡಿಗೆ ಏನೂ ಹೇಳುವುದಿಲ್ಲ. ಅಳೆದ ಮೇಲೆ ಎಡ ಬಲ ಅರ್ಧ ಡಿಗ್ರಿಯೊಳಗೆ ಇರಬೇಕು, ಹೆಚ್ಚಿದ್ದರೆ ಕಡಿಮೆ ಕ್ಯಾಸ್ಟರ್ ಇರುವ ಕಡೆಗೆ ಗಾಡಿ ಎಳೆಯುತ್ತದೆ.

"ಈ ಗಾಡಿಗೆ ಕ್ಯಾಸ್ಟರ್ ಅಡ್ಜಸ್ಟ್ ಇಲ್ಲ" ಅನ್ನುವ ಮಾತನ್ನು ಹಾಗೇ ನಂಬಬೇಡಿ. ಮೇಲೊಂದು ಕೆಳಗೊಂದು ಆರ್ಮ್ ಇರುವ ಡಬಲ್ ವಿಶ್‌ಬೋನ್ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಮೇಲಿನ ಆರ್ಮ್‌ನ ಶಿಮ್‌ಗಳಿಂದ (ತೆಳು ತಗಡು) ಅಥವಾ ಕೆಳಗಿನ ಆರ್ಮ್‌ನ ಕ್ಯಾಮ್ ಬೋಲ್ಟ್‌ನಿಂದ ಸರಿಮಾಡಬಹುದು. ಕ್ಯಾಮ್ ಬೋಲ್ಟ್ ಬುಷ್ ಒಳಗಿನ ಕೊಳವೆಗೆ ತುಕ್ಕು ಹಿಡಿದು ಕಚ್ಚಿಕೊಂಡಿರುವುದೇ ಅಸಲಿ ಸಮಸ್ಯೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿ ನೆನೆಸಿಟ್ಟು ಹೋದರೆ ಅರ್ಧ ಜಗಳ ತಪ್ಪುತ್ತದೆ. ಬೋಲ್ಟ್ ಕೊನೆಯ ಬಿಗಿತ ಗಾಡಿ ತನ್ನ ಚಕ್ರದ ಮೇಲೆ ನಿಂತಿರುವಾಗಲೇ ಆಗಬೇಕು. ಚಕ್ರ ಜೋತು ಬಿದ್ದಾಗ ಬಿಗಿದರೆ ಬುಷ್ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಟೋ ಕೊನೆಗೆ. ಒಳಮುಖವಾಗಿ ಒಂದೆರಡು ಮಿಲಿಮೀಟರ್ ಬಹುತೇಕ ಈ ಗಾಡಿಗಳಿಗೆ ಹೊಂದುತ್ತದೆ, ಹೊರಮುಖವಾದರೆ ಅಲೆದಾಟ ಖಚಿತ. ಸ್ಟೇರಿಂಗ್ ನೇರಕ್ಕೆ ಲಾಕ್ ಮಾಡಿ ಎರಡೂ ಕಡೆಯ ಟೈ ರಾಡನ್ನು ಸಮನಾಗಿ ತಿರುಗಿಸಬೇಕು. ಒಂದೇ ಕಡೆ ತಿರುಗಿಸಿ, ವಾಲಿದ ಸ್ಟೇರಿಂಗ್ ಚಕ್ರವನ್ನು ಕಿತ್ತು ನೇರಕ್ಕೆ ಕೂರಿಸುವ ಅಂಗಡಿಯಿಂದ ಗಾಡಿ ವಾಪಸ್ ತನ್ನಿ. ಬಾಕ್ಸ್ ಇರುವ ಗಾಡಿಯಲ್ಲಿ ಹಾಗೆ ಮಾಡಿದರೆ ನೇರ ಓಡುವಾಗ ಬಾಕ್ಸ್ ತನ್ನ ನಡುವಿನ ಬಿಗಿ ಜಾಗದಲ್ಲಿ ಇರುವುದೇ ಇಲ್ಲ. ಥ್ರಸ್ಟ್ ಕೋನ, ಅಂದರೆ ಹಿಂದಿನ ಆಕ್ಸಲ್ ಗಾಡಿಯ ನಡುಗೆರೆಗೆ ಓರೆಯಾಗಿರುವ ಕೋನ, 0.2 ಡಿಗ್ರಿ ದಾಟಿದ್ದರೆ ಮುಂದೆ ಎಷ್ಟು ತಿದ್ದಿದರೂ ಸಾಲದು, ಹಿಂದಿನ ಪ್ಲೇಟ್ ಕಟ್ಟಿಗೇ ಮರಳಬೇಕು.

ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸರಿಯಾದ ಅಂಕಿ, ಬಿಗಿತ ಅಳೆಯುವ ಟಾರ್ಕ್ ಪಾನಾ, ಅಸಲಿ ಭಾಗ ಅಲ್ಲಿ ಸಿಗುತ್ತದೆ. ಬುಷ್ ಬದಲು ಇಡೀ ರ್‍ಯಾಕ್ ಹಾಕಿಸಿ ಅಂದರೆ ಮಾತ್ರ ಮೇಲಿನ ಪರೀಕ್ಷೆ ಕಣ್ಣೆದುರಿಗೆ ಮಾಡಿ ತೋರಿಸಿ ಅಂತ ಕೇಳುವುದು ಗಿರಾಕಿಯ ಹಕ್ಕು. ಅಲೆದಾಟಕ್ಕೆ ಮದ್ದು ಅಂತ ಮಾರುವ ಸ್ಟೇರಿಂಗ್ ಡ್ಯಾಂಪರ್‌ಗೆ ಹಣ ಹಾಕಬೇಡಿ. ಅದು ಗುಂಡಿಯ ಹೊಡೆತವನ್ನೂ ನಡುಕವನ್ನೂ ತಗ್ಗಿಸುತ್ತದೆ. ಸವೆದ ಜಾಯಿಂಟನ್ನು ಮರೆಮಾಡುವುದರಿಂದ ಅಪಾಯ ಹೆಚ್ಚೇ.

ಕೆಲಸ ಮುಗಿದ ಮೇಲೆ ಟೈ ರಾಡ್ ಲಾಕ್ ನಟ್ಟಿಗೂ ಕ್ಯಾಮ್ ಬೋಲ್ಟಿಗೂ ಬಣ್ಣದ ಪೆನ್ನಿನಿಂದ ಗೆರೆ ಎಳೆಸಿ, ಜರುಗಿದರೆ ಗೆರೆ ಒಡೆಯುತ್ತದೆ. ಪ್ಲೇಟ್ ಕಟ್ಟು ಬಿಚ್ಚಿ ಕಟ್ಟಿಸಿದ್ದರೆ ಯು-ಬೋಲ್ಟ್‌ಗಳನ್ನು ಒಂದು ಲೋಡ್ ಹೊಡೆದ ಮೇಲೆ ಮತ್ತೆ ಬಿಗಿಸಿ. ಮೊದಲ ಐನೂರು ಕಿಲೋಮೀಟರಿನ ನಂತರ ಟೈರಿನ ಅಂಚಿನ ಮೇಲೆ ಅಂಗೈಯನ್ನು ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಸವರಿ ನೋಡಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಾಗೆ ಗರಗರ ಅಂದರೆ ಟೋ ಇನ್ನೂ ಸರಿಯಿಲ್ಲ, ಅದೇ ಪ್ರಿಂಟ್ ಹಿಡಿದು ಅದೇ ಅಂಗಡಿಗೆ ಮರಳಿ ಹೋಗಬಹುದು.